ಹೋದದ್ದೇ ಮರಳಿ ಬಂದಿತೇ? ಡೇಟಾಬೇಸ್ ಮತ್ತು ಸ್ಕ್ರಿಪ್ಟ್ ಭಾಷೆಗಳ ಗಡಿಯ ಒಂದು ಚರಿತ್ರೆ

ಮುಂಬಯಿ, ಪುಣೆಗಳಲ್ಲಿ ಬಹುಕಾಲ ಬಾಳಿದ ಕನ್ನಡಿಗರಿಗೆ ಮರಾಠಿಯ ಎರಡು ‘ನಾವು’ಗಳ ಪರಿಚಯವಿರುತ್ತದೆ. ಎದುರಿಗಿರುವ ಕೇಳುಗನನ್ನೂ ಸೇರಿಸಿಕೊಂಡು ಹೇಳುವಾಗ ‘ಆಪಣ್’, ಅವನನ್ನು ಬಿಟ್ಟು ಹೇಳುವಾಗ ‘ಆಮ್ಹಿ’. ಚೆನ್ನೈಯವರಿಗೆ ‘ನಾಮ್’ ಮತ್ತು ‘ನಾಂಗಳ್’, ಹೈದರಾಬಾದಿನವರಿಗೆ ‘ಮನಮು’ ಮತ್ತು ‘ಮೇಮು’ ಇದೇ ಭೇದವನ್ನು ಕಲಿಸಿರುತ್ತವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಮರಾಠಿಯ ವಾಕ್ಯವೊಂದನ್ನು ಕನ್ನಡಕ್ಕೆ ತಂದು, ಆ ಕನ್ನಡವನ್ನಷ್ಟೇ ನೋಡಿ ಮತ್ತೊಬ್ಬರು ಅದನ್ನು ಮರಳಿ ಮರಾಠಿಗೆ ಒಯ್ದರೆ, ಕೇಳುಗನು ಆ ‘ನಾವು’ವಿನ ಒಳಗಿದ್ದನೋ ಹೊರಗಿದ್ದನೋ ಎಂಬ ಸಂಗತಿ ದಾರಿಯಲ್ಲಿಯೇ ಕಳೆದುಹೋಗಿರುತ್ತದೆ. ದೆಹಲಿಯವರ ಅನುಭವ ಇದರ ತಿರುವು: ಕನ್ನಡದ ‘ನಿನ್ನೆ’ ಮತ್ತು ‘ನಾಳೆ’ ಎರಡೂ ಹಿಂದಿಯಲ್ಲಿ ‘ಕಲ್’ ಆಗಿಬಿಡುತ್ತವೆ. ಈ ಅನುವಾದಗಳಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದ್ದರಿಂದಲೇ ಆದ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಗಣಕಗಳ ಲೋಕದಲ್ಲಿಯೂ ಇಂಥದೊಂದು ಗಡಿ ಇದೆ. ಒಂದು ಕಡೆ ಮಾಹಿತಿಯನ್ನು ಕಾದಿಡುವ ಡೇಟಾಬೇಸ್. ಇನ್ನೊಂದು ಕಡೆ ಅದನ್ನು ಹೊರತೆಗೆದು ಬಳಸುವ ಪರ್ಲ್, ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್‌ನಂತಹ ಸ್ಕ್ರಿಪ್ಟ್ ಭಾಷೆಗಳು. ಬ್ಯಾಂಕಿನ ಶಿಲ್ಕು, ರೈಲಿನ ಕಾಯ್ದಿರಿಸುವಿಕೆ, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ದಿನಕ್ಕೆ ಎಷ್ಟೋ ಬಾರಿ ಇಂಥ ಗಡಿಗಳನ್ನು ದಾಟುತ್ತಿರುತ್ತವೆ. ಪ್ರತಿ ದಾಟುವಿಕೆಯಲ್ಲಿಯೂ ಸಂಖ್ಯೆ, ದಿನಾಂಕ, ಪಠ್ಯ ಮತ್ತು ಖಾಲಿತನ ಎಂಬ ವಿಧಗಳು ಒಂದು ಕಡೆಯ ರೂಪದಿಂದ ಇನ್ನೊಂದು ಕಡೆಯ ರೂಪಕ್ಕೆ ಬದಲಾಗುತ್ತವೆ. ಈ ವಿಧ ಪರಿವರ್ತನೆಯನ್ನು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಗೆ ಮೂರು ದಶಕಗಳಿಗೂ ಮಿಕ್ಕ ಇತಿಹಾಸವಿದೆ. ಸದ್ದಿಲ್ಲದೆ ಆಗುವ ನಷ್ಟಕ್ಕೆ ಬಾಯಿ ಕೊಡಲು ನಡೆದ ಪ್ರಯತ್ನಗಳ ಇತಿಹಾಸ ಅದು.

ಈ ಎರಡು ಕಡೆಗಳು ಹುಟ್ಟಿದ್ದೇ ಬೇರೆ ಬೇರೆ ಮನೋಧರ್ಮಗಳಿಂದ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಡೇಟಾಬೇಸ್‌ನ ಸಿದ್ಧಾಂತವನ್ನು ಪ್ರಕಟಿಸಿದರು. ಅವರು ಮೂಲತಃ ಗಣಿತಜ್ಞರು. ಕೋಷ್ಟಕದ ಪ್ರತಿ ಕಂಬಸಾಲಿಗೂ ಒಂದು ಕ್ಷೇತ್ರವಿರಬೇಕು, ಆ ಕ್ಷೇತ್ರದ ಹೊರಗಿನ ಬೆಲೆ ಅಲ್ಲಿಗೆ ಬರಕೂಡದು ಎಂಬುದು ಅವರ ಸಿದ್ಧಾಂತದ ಅಡಿಪಾಯಗಳಲ್ಲಿ ಒಂದು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಗಿ ಬೆಳೆದು, 1986ರಲ್ಲಿ ಅಮೆರಿಕದ ಮಾನಕವಾಯಿತು. ಅಲ್ಲಿ ಪೂರ್ಣಾಂಕ, ದಶಮಾಂಶ, ಅಕ್ಷರಮಾಲೆ ಎಲ್ಲವನ್ನೂ ಮೊದಲೇ ಘೋಷಿಸಬೇಕು.

ಸ್ಕ್ರಿಪ್ಟ್ ಭಾಷೆಗಳ ಹುಟ್ಟು ಅವಸರದ ಕೆಲಸಗಳ ನಡುವೆ ಆಯಿತು. ಲ್ಯಾರಿ ವಾಲ್ ಅವರ ಪರ್ಲ್ 1987ರಲ್ಲಿ ಬಂದಿತು. ಮರುವರ್ಷ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ‘ಟಿಕಲ್’ ಎಂದು ಉಚ್ಚರಿಸಲಾಗುವ ಭಾಷೆಯನ್ನು ರೂಪಿಸಲು ತೊಡಗಿದರು. ಟಿಕಲ್‌ನ ಮೂಲಮಂತ್ರ ಒಂದೇ: ಎಲ್ಲವೂ ಅಕ್ಷರಮಾಲೆ. ಹನ್ನೆರಡು ಎಂಬ ಸಂಖ್ಯೆಯೂ, ಒಂದು ಊರಿನ ಹೆಸರೂ, ಒಂದು ಪಟ್ಟಿಯೂ ಅಲ್ಲಿ ಸಾಲಾಗಿ ಜೋಡಿಸಿದ ಅಕ್ಷರಗಳೇ. ಬೇರೆ ಬೇರೆ ತಂತ್ರಾಂಶಗಳನ್ನು ಒಂದಕ್ಕೊಂದು ಅಂಟಿಸುವ ಕೆಲಸಕ್ಕೆ ವಿಧಗಳ ಕಟ್ಟುನಿಟ್ಟು ಅಡ್ಡಿಯಾಗುತ್ತದೆ ಎಂದು ಔಸ್ಟರ್‌ಹೌಟ್ 1998ರ ಒಂದು ಪ್ರಸಿದ್ಧ ಲೇಖನದಲ್ಲಿ ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತು. ಆದರೆ ಹಾಗೆ ಅಂಟಿಸಬೇಕಾದ ತಂತ್ರಾಂಶಗಳಲ್ಲಿ ಡೇಟಾಬೇಸ್ ಕೂಡ ಒಂದು, ಮತ್ತು ಅದು ಕಟ್ಟುನಿಟ್ಟಿನ ಮೇಲೆಯೇ ನಿಂತಿತ್ತು.

ಮೊದಲ ತೊಡಕು ಹುಟ್ಟಿದ್ದು ‘ಇಲ್ಲ’ ಎಂಬುದರಿಂದ. ಎಸ್‌ಕ್ಯೂಎಲ್‌ನಲ್ಲಿ ‘ನಲ್’ ಎಂಬ ಗುರುತೊಂದಿದೆ. ಬೆಲೆ ತಿಳಿದಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂದು ಅದರ ಅರ್ಥ. ಅದು ಸೊನ್ನೆಯಲ್ಲ, ಖಾಲಿ ಅಕ್ಷರಮಾಲೆಯೂ ಅಲ್ಲ. ಅರ್ಜಿಯಲ್ಲಿ ಮಧ್ಯದ ಹೆಸರಿನ ಜಾಗವನ್ನು ಬಿಟ್ಟುಬಿಡುವುದಕ್ಕೂ, ‘ನನಗೆ ಮಧ್ಯದ ಹೆಸರೇ ಇಲ್ಲ’ ಎಂದು ತಿಳಿಸುವುದಕ್ಕೂ ಇರುವ ಅಂತರವನ್ನು ನೆನೆದರೆ ಇದು ಸ್ಪಷ್ಟವಾದೀತು. ಟಿಕಲ್‌ನಲ್ಲಿ ಇಂಥದೊಂದು ಗುರುತೇ ಇಲ್ಲ. ಎಲ್ಲವೂ ಅಕ್ಷರಮಾಲೆಯಾದ ಮೇಲೆ ‘ಇಲ್ಲ’ ಎಂಬುದೂ ಯಾವುದಾದರೂ ಅಕ್ಷರಮಾಲೆಯಾಗಿಯೇ ಬರಬೇಕು. ಇತ್ತ ಒರಾಕಲ್ ಡೇಟಾಬೇಸ್ ಖಾಲಿ ಅಕ್ಷರಮಾಲೆಯನ್ನೇ ನಲ್ ಎಂದು ಭಾವಿಸುತ್ತದೆ. ಹೀಗಾಗಿ ಖಾಲಿಯನ್ನು ಕಳುಹಿಸಿದರೆ ‘ಇಲ್ಲ’ ಮರಳಿ ಬರಬಹುದು, ‘ಇಲ್ಲ’ವನ್ನು ಕಳುಹಿಸಿದರೆ ಖಾಲಿ ಮರಳಿ ಬರಬಹುದು.

1990ರ ದಶಕದ ಆರಂಭದಲ್ಲಿ ಒಂದೊಂದು ಡೇಟಾಬೇಸಿಗೂ ಒಂದೊಂದು ಪ್ರತ್ಯೇಕ ಪರ್ಲ್ ಇತ್ತು: ಒರಾಕಲ್‌ಗೆ ಓರಾಪರ್ಲ್, ಸೈಬೇಸ್‌ಗೆ ಸಿಬ್‌ಪರ್ಲ್. ಪರಿವರ್ತನೆಯ ನಿಯಮಗಳೂ ಅವುಗಳೊಂದಿಗೆ ಬೇರೆ ಬೇರೆಯಾಗಿದ್ದವು. 1994ರಲ್ಲಿ ಟಿಮ್ ಬನ್ಸ್ ಮುಂದಾಳುತನದಲ್ಲಿ ರೂಪುಗೊಂಡ ಡಿಬಿಐ ಎಲ್ಲ ಡೇಟಾಬೇಸ್‌ಗಳಿಗೂ ಒಂದೇ ಬಾಗಿಲನ್ನು ಇಟ್ಟಿತು. ನಲ್ ಬಂದರೆ ಪರ್ಲ್‌ನ ‘ಅನ್‌ಡೆಫ್’ ಆಗಬೇಕು ಎಂದು ಅದು ಗೊತ್ತುಪಡಿಸಿತು. ಪೈಥಾನ್ ಬಳಗದವರು 1996ರಲ್ಲಿ ತಮ್ಮ ಡೇಟಾಬೇಸ್ ಒಡಂಬಡಿಕೆಯ ಮೊದಲ ಆವೃತ್ತಿಯನ್ನೂ 1999ರಲ್ಲಿ ಎರಡನೆಯದನ್ನೂ ಹೊರತಂದರು. ಅದರಲ್ಲಿ ನಲ್ ಪೈಥಾನ್‌ನ ‘ನನ್’ ಆಯಿತು. ದಿನಾಂಕ, ಸಮಯ, ಕಚ್ಚಾ ಬೈಟುಗಳಿಗೆ ಪ್ರತ್ಯೇಕ ರಚನಾವಿಧಾನಗಳನ್ನು ಅದು ಕೇಳಿತು. ಏಕೆಂದರೆ ದಿನಾಂಕವೊಂದು ಬರಿಯ ಅಕ್ಷರಮಾಲೆಯಾಗಿ ಬಂದರೆ, ಅದು ದಿನಾಂಕದ ಕಂಬಸಾಲಿಗೆ ಹೋಗಬೇಕೋ ಪಠ್ಯದ ಕಂಬಸಾಲಿಗೋ ಎಂದು ನಡುವಿನ ಚಾಲಕ ತಂತ್ರಾಂಶಕ್ಕೆ ತಿಳಿಯುವ ಬಗೆಯಿಲ್ಲ.

ಒಡಂಬಡಿಕೆ ಇದ್ದ ಮಾತ್ರಕ್ಕೆ ಅದನ್ನು ಎಲ್ಲರೂ ಪಾಲಿಸುತ್ತಾರೆಂದಲ್ಲ. ಸ್ಟುವರ್ಟ್ ಬಿಷಪ್ ಎಂಬ ಪ್ರೋಗ್ರಾಮರ್ ಪೈಥಾನ್ ಒಡಂಬಡಿಕೆಗಾಗಿ ಒಂದು ಪರೀಕ್ಷಾಮಾಲೆಯನ್ನು ಬರೆದು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅದು ‘ಬೂಸ್’ ಎಂಬ ಪುಟ್ಟ ಕೋಷ್ಟಕವನ್ನು ಕಟ್ಟಿ, ಅದರಲ್ಲಿ ಆಸ್ಟ್ರೇಲಿಯಾದ ಬಿಯರುಗಳ ಹೆಸರುಗಳನ್ನು ತುಂಬಿ, ಮರಳಿ ಓದಿ ನೋಡುತ್ತದೆ. ಆ ಹೆಸರುಗಳಲ್ಲಿ ‘ಕೂಪರ್ಸ್’ ಎಂಬುದೂ ಒಂದು. ಇಂಗ್ಲಿಷಿನಲ್ಲಿ ಅದರ ನಡುವೆ ಬರುವ ಒಂಟಿ ಉದ್ಧರಣ ಚಿಹ್ನೆಯೇ ಅಲ್ಲಿ ಪರೀಕ್ಷೆ. ಎಸ್‌ಕ್ಯೂಎಲ್‌ನಲ್ಲಿ ಪಠ್ಯದ ಆದಿ ಅಂತ್ಯಗಳನ್ನು ತೋರಿಸುವುದು ಅದೇ ಚಿಹ್ನೆ. ಚಾಲಕವು ಎಚ್ಚರ ತಪ್ಪಿದರೆ ಪಠ್ಯ ನಡುವೆಯೇ ಮುಗಿದಂತಾಗಿ, ಉಳಿದ ಅಕ್ಷರಗಳು ಆಜ್ಞೆಯ ಭಾಗವಾಗುತ್ತವೆ. ಬಿಯರಿನ ಹೆಸರಿನ ಹಿಂದೆ ಗಂಭೀರವಾದ ಭದ್ರತೆಯ ಪ್ರಶ್ನೆ ಅಡಗಿತ್ತು. ನಲ್ ಕಳುಹಿಸಿ ‘ನನ್’ ಬಂದಿತೇ ಎಂದು ಕೇಳುವ ಪರೀಕ್ಷೆಯೂ ಅದೇ ಮಾಲೆಯಲ್ಲಿದೆ. ಒಂದೇ ಪ್ರಶ್ನಪತ್ರಿಕೆಯನ್ನು ಬೇರೆ ಬೇರೆ ಡೇಟಾಬೇಸ್‌ಗಳ ಚಾಲಕಗಳಿಗೆ ಕೊಟ್ಟು ಉತ್ತರಗಳನ್ನು ಹೋಲಿಸುವುದು ಇದರಿಂದ ಸಾಧ್ಯವಾಯಿತು.

ಎರಡನೆಯ ತೊಡಕು ಸಂಖ್ಯೆಗಳದು. ಹಣದ ಲೆಕ್ಕಕ್ಕೆಂದೇ ಎಸ್‌ಕ್ಯೂಎಲ್‌ನಲ್ಲಿ ನಿಖರವಾದ ದಶಮಾಂಶ ವಿಧವಿದೆ. ಸ್ಕ್ರಿಪ್ಟ್ ಭಾಷೆಗಳಲ್ಲಿ ಬಹುಕಾಲ ಇದ್ದದ್ದು ಎರಡರ ಆಧಾರದಲ್ಲಿ ನಡೆಯುವ ತೇಲುಬಿಂದು ಸಂಖ್ಯೆ. ಹತ್ತರಲ್ಲಿ ಒಂದು ಭಾಗವನ್ನು ಅದು ಸರಿಯಾಗಿ ಹಿಡಿದಿಡಲಾರದು. 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೈಥಾನ್‌ನ ಜೊತೆಯಲ್ಲಿಯೇ ದೊರೆಯುವ ದಶಮಾಂಶ ವಿಧ ಬಂದದ್ದು 2004ರ 2.4ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಡೇಟಾಬೇಸ್‌ನಲ್ಲಿ ನಿಖರವಾಗಿದ್ದ ರೂಪಾಯಿ ಪೈಸೆಗಳು ಗಡಿ ದಾಟಿದೊಡನೆ ತೇಲುಬಿಂದುವಾಗುವ ಅಪಾಯ ಇದ್ದೇ ಇತ್ತು. ಒಂದು ರಸೀದಿಯಲ್ಲಿ ಇದು ಕಾಣುವುದಿಲ್ಲ. ಸಾವಿರಾರು ರಸೀದಿಗಳ ಮೊತ್ತ ತಾಳೆಯಾಗದಿದ್ದಾಗ ಲೆಕ್ಕಿಗನ ತಲೆನೋವಾಗಿ ಕಾಣುತ್ತದೆ.

ದೊಡ್ಡ ಸಂಖ್ಯೆಗಳ ಪಾಡು ಇನ್ನೂ ವಿಚಿತ್ರ. ಜಾವಾಸ್ಕ್ರಿಪ್ಟ್ 1995ರಲ್ಲಿ ಹುಟ್ಟಿದಾಗ ಅದರಲ್ಲಿ ಇದ್ದದ್ದು ತೇಲುಬಿಂದು ಸಂಖ್ಯೆಯ ವಿಧವೊಂದೇ. 9007199254740992, ಅಂದರೆ ಎರಡರ 53ನೆಯ ಘಾತದವರೆಗೆ ಅದು ಪ್ರತಿ ಪೂರ್ಣಾಂಕವನ್ನೂ ಸರಿಯಾಗಿ ಹಿಡಿದಿಡುತ್ತದೆ. ಅದಕ್ಕೆ ಒಂದನ್ನು ಸೇರಿಸಿ ಕಳುಹಿಸಿದರೆ ಕೊನೆಯ ಅಂಕಿ 3 ಆಗುವ ಬದಲು 2 ಆಗಿಯೇ ಉಳಿಯುತ್ತದೆ. ಡೇಟಾಬೇಸ್‌ನ 64 ಬಿಟ್ಟುಗಳ ಪೂರ್ಣಾಂಕಕ್ಕೆ ಇದು ಸಣ್ಣ ಸಂಖ್ಯೆ. 2010ರಲ್ಲಿ ಟ್ವಿಟರ್ ತನ್ನ ಸಂದೇಶಗಳ ಗುರುತುಸಂಖ್ಯೆಗಳಿಗೆ 64 ಬಿಟ್ಟುಗಳ ಹೊಸ ಕ್ರಮವನ್ನು ತರುವಾಗ ಈ ಕಂದಕ ಎದುರಾಯಿತು. ಸಂಖ್ಯೆ ತಪ್ಪಿದರೆ ಒಬ್ಬರ ಮಾತಿಗೆ ಕೊಟ್ಟ ಉತ್ತರ ಇನ್ನೊಬ್ಬರ ಮಾತಿಗೆ ಅಂಟಿಕೊಳ್ಳಬಹುದು. ಸಂಸ್ಥೆ ಕಂಡುಕೊಂಡ ದಾರಿ ಸರಳವಾಗಿತ್ತು: ಪ್ರತಿ ಗುರುತನ್ನೂ ಎರಡು ಸಲ ಕಳುಹಿಸುವುದು, ಒಮ್ಮೆ ಸಂಖ್ಯೆಯಾಗಿ, ಇನ್ನೊಮ್ಮೆ ಅಕ್ಷರಮಾಲೆಯಾಗಿ. ಜಾವಾಸ್ಕ್ರಿಪ್ಟ್‌ನ ಮಾನಕಕ್ಕೆ ದೊಡ್ಡ ಪೂರ್ಣಾಂಕಗಳ ಪ್ರತ್ಯೇಕ ವಿಧ ಸೇರಿದ್ದು ಇನ್ನೂ ಹತ್ತು ವರ್ಷಗಳ ಬಳಿಕ, 2020ರಲ್ಲಿ.

ಇಷ್ಟು ಹಿನ್ನೆಲೆಯ ಮೇಲೆ ಎಸ್‌ಕ್ಯೂಲೈಟ್‌ನ ಕಥೆಯನ್ನು ನೋಡಬೇಕು. ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲಿಯೂ ಐಫೋನಿನಲ್ಲಿಯೂ ಇರುವ ಈ ಡೇಟಾಬೇಸ್‌ನ ಕರ್ತೃ ರಿಚರ್ಡ್ ಹಿಪ್. ಅಮೆರಿಕದ ನೌಕಾಪಡೆಯ ಕ್ಷಿಪಣಿ ನೌಕೆಗಳಿಗೆ ಹಾನಿ ನಿಯಂತ್ರಣದ ತಂತ್ರಾಂಶವನ್ನು ಸಿದ್ಧಪಡಿಸುತ್ತಿದ್ದಾಗ, ಆಡಳಿತಗಾರನ ಹಂಗಿಲ್ಲದೆ ನಡೆಯುವ ಡೇಟಾಬೇಸ್ ಬೇಕೆಂದು ಅವರಿಗೆ ತೋರಿತು. 2000ದ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಹೊರಬಂದಿತು. ಅದು ಹುಟ್ಟಿದ್ದು ಟಿಕಲ್ ಭಾಷೆಯ ಒಂದು ವಿಸ್ತರಣೆಯಾಗಿ. ತಾಯಿಯ ಮನೋಧರ್ಮ ಮಗುವಿಗೂ ಬಂದಿತು. ಮೊದಲ ಎರಡು ಆವೃತ್ತಿಗಳಲ್ಲಿ ಎಸ್‌ಕ್ಯೂಲೈಟ್ ತನ್ನೊಳಗಿನ ಬೆಲೆಗಳನ್ನು ಅಕ್ಷರಮಾಲೆಗಳಾಗಿಯೇ ಇಡುತ್ತಿತ್ತು. ಕಾಡ್ ಕಟ್ಟಿದ ಮನೆಯೊಳಗೆ ಔಸ್ಟರ್‌ಹೌಟ್ ಬಂದು ಕುಳಿತಂತಿತ್ತು ಅದು.

2004ರ ಮೂರನೆಯ ಆವೃತ್ತಿಯಲ್ಲಿ ನಲ್, ಪೂರ್ಣಾಂಕ, ತೇಲುಬಿಂದು, ಪಠ್ಯ, ಕಚ್ಚಾ ಬೈಟುಗಳು ಎಂಬ ಐದು ಬಗೆಗಳು ಬಂದವು. ಆದರೂ ವಿಧವು ಕಂಬಸಾಲಿಗೆ ಸೇರಿದ್ದಲ್ಲ, ಪ್ರತಿ ಬೆಲೆಗೆ ಸೇರಿದ್ದು ಎಂಬ ನಿಲುವನ್ನು ಹಿಪ್ ಬಿಡಲಿಲ್ಲ. ಪೂರ್ಣಾಂಕವೆಂದು ಘೋಷಿಸಿದ ಕಂಬಸಾಲಿಗೆ ಊರಿನ ಹೆಸರೊಂದನ್ನು ಹಾಕಿದರೆ ಎಸ್‌ಕ್ಯೂಲೈಟ್ ತಕರಾರು ಮಾಡದೆ ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ಘೋಷಣೆಯಿಂದ ಸಿಗುವುದು ಒಂದು ಒಲವು ಮಾತ್ರ. ಆ ಒಲವನ್ನು ಅದು ನಿರ್ಧರಿಸುವ ಬಗೆಯಲ್ಲಿ ಕೆಲವು ಸ್ವಾರಸ್ಯಗಳಿವೆ. ವಿಧದ ಹೆಸರಿನಲ್ಲಿ ರೋಮನ್ ಲಿಪಿಯ ‘ಇಂಟ್’ ಎಂಬ ಮೂರು ಅಕ್ಷರಗಳು ಒಟ್ಟಿಗೆ ಬಂದರೆ ಒಲವು ಪೂರ್ಣಾಂಕದ ಕಡೆಗೆ. ‘ಫ್ಲೋಟಿಂಗ್ ಪಾಯಿಂಟ್’ ಎಂದು ಯಾರಾದರೂ ಘೋಷಿಸಿದರೆ, ‘ಪಾಯಿಂಟ್’ ಪದದ ಕೊನೆಯ ಮೂರು ಅಕ್ಷರಗಳು ಅವೇ ಆದ್ದರಿಂದ, ಅದಕ್ಕೂ ಪೂರ್ಣಾಂಕದ ಒಲವೇ ದೊರೆಯುತ್ತದೆ. ಅಕ್ಷರಮಾಲೆ ಎಂಬ ಅರ್ಥದಲ್ಲಿ ‘ಸ್ಟ್ರಿಂಗ್’ ಎಂದು ಬರೆದರೆ ಅದು ಎಸ್‌ಕ್ಯೂಲೈಟ್‌ನ ಪಠ್ಯಸೂಚಕ ಪದಗಳ ಪಟ್ಟಿಯಲ್ಲಿಲ್ಲ. ಹೀಗಾಗಿ ಅಂಥ ಕಂಬಸಾಲಿಗೆ ಸಂಖ್ಯೆಯ ಒಲವು ಬರುತ್ತದೆ. ಸೊನ್ನೆಯಿಂದ ಆರಂಭವಾಗುವ ಬ್ಯಾಂಕ್ ಖಾತೆಯ ಸಂಖ್ಯೆ 0123 ಅಲ್ಲಿಗೆ ಹೋದರೆ, ಮರಳಿ ಬರುವುದು 123.

ಇಷ್ಟು ಸಡಿಲವಾದ ನಿಯಮಗಳ ಡೇಟಾಬೇಸ್ ನಂಬಿಕೆ ಗಳಿಸಿದ್ದು ಪರೀಕ್ಷೆಯ ಬಲದಿಂದ. ನಲ್‌ನ ವರ್ತನೆಯ ಬಗ್ಗೆ ಎಸ್‌ಕ್ಯೂಎಲ್ ಮಾನಕದ ಮಾತುಗಳು ಹಿಪ್ ಅವರಿಗೆ ಅಸ್ಪಷ್ಟವೆನಿಸಿದವು. 2002ರ ಮೇ ತಿಂಗಳಲ್ಲಿ ಒಂದು ಪರೀಕ್ಷಾ ಕಡತವನ್ನು ಬರೆದು, ಸ್ವಯಂಸೇವಕರ ನೆರವಿನಿಂದ ಒರಾಕಲ್, ಪೋಸ್ಟ್‌ಗ್ರೆಸ್, ಇನ್‌ಫಾರ್ಮಿಕ್ಸ್ ಮೊದಲಾದ ಡೇಟಾಬೇಸ್‌ಗಳಲ್ಲಿ ಓಡಿಸಲಾಯಿತು. ಅವುಗಳಲ್ಲಿಯೂ ಒಮ್ಮತವಿರಲಿಲ್ಲ. ಆ ಉತ್ತರಗಳನ್ನು ಹೋಲಿಸಿ ಎಸ್‌ಕ್ಯೂಲೈಟ್‌ನ ನಡವಳಿಕೆಯನ್ನು ತೀರ್ಮಾನಿಸಲಾಯಿತು. ಅದರ ಅತ್ಯಂತ ಹಳೆಯ ಪರೀಕ್ಷೆಗಳು ಟಿಕಲ್‌ನಲ್ಲಿಯೇ ಇವೆ. ಅಲ್ಲಿ ಎಲ್ಲವೂ ಅಕ್ಷರಮಾಲೆಯಾಗಿ ಮರಳುವುದರಿಂದ, ಬಂದ ‘12’ ಒಳಗೆ ಪೂರ್ಣಾಂಕವಾಗಿತ್ತೋ ಪಠ್ಯವಾಗಿತ್ತೋ ಎಂದು ಟಿಕಲ್ ಹೇಳಲಾರದು. ಅದಕ್ಕಾಗಿ ‘ಈ ಬೆಲೆಯ ವಿಧವೇನು’ ಎಂದು ಡೇಟಾಬೇಸ್‌ನ ಬಳಿಯೇ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ. ನಲ್ ಸಾಮಾನ್ಯವಾಗಿ ಖಾಲಿಯಾಗಿ ಮರಳುತ್ತದೆ. ಅದಕ್ಕೆ ಬದಲಾಗಿ ಬೇರೊಂದು ಪದ ಕಾಣಿಸಲಿ ಎಂದು ಮೊದಲೇ ಸೂಚಿಸುವ ಸೌಲಭ್ಯವನ್ನೂ ಇಡಲಾಗಿದೆ. ಇಂದು ಎಸ್‌ಕ್ಯೂಲೈಟ್‌ನ ಪರೀಕ್ಷಾ ಬರಹವು ಮೂಲ ಬರಹದ ಸುಮಾರು 590 ಪಟ್ಟು ಇದೆ.

ಕನ್ನಡದ ಪಠ್ಯಕ್ಕೆ ಬಂದರೆ ಪ್ರಶ್ನೆ ನಮ್ಮ ಮನೆಯ ಅಂಗಳಕ್ಕೇ ಬರುತ್ತದೆ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಅದು ಐದು ಸಂಕೇತ, ಏಕೆಂದರೆ ‘ನ್ನ’ ಎಂಬುದು ನಕಾರ, ಹಲಂತ ಚಿಹ್ನೆ, ಮತ್ತೆ ನಕಾರ ಎಂದು ಒಡೆಯುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೈಟು, ಒಟ್ಟು ಹದಿನೈದು. ಹತ್ತರ ಉದ್ದದ ಕಂಬಸಾಲು ಎಂದರೆ ಹತ್ತು ಏನು? 2004ರ ಸುಮಾರಿಗೆ 4.1ನೆಯ ಆವೃತ್ತಿ ಬರುವವರೆಗೆ ಮೈಎಸ್‌ಕ್ಯೂಎಲ್ ಆ ಉದ್ದವನ್ನು ಬೈಟುಗಳಲ್ಲಿ ಎಣಿಸುತ್ತಿತ್ತು. ಹಾಗೆ ಕತ್ತರಿಸಿದರೆ ‘ಕನ್’ ಮತ್ತು ಎರಡನೆಯ ನಕಾರದ ಮೂರರಲ್ಲೊಂದು ಚೂರು ಉಳಿಯುತ್ತದೆ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷೆ ನಡೆಸಿದವರಿಗೆ ಇದು ಎಂದೂ ಗೊತ್ತಾಗದು, ಏಕೆಂದರೆ ಇಂಗ್ಲಿಷಿನಲ್ಲಿ ಕಣ್ಣಿನ ಎಣಿಕೆ, ಸಂಕೇತದ ಎಣಿಕೆ, ಬೈಟಿನ ಎಣಿಕೆ ಮೂರೂ ಒಂದೇ. ಉದ್ದ ಮೀರಿದ ಪಠ್ಯವನ್ನು ಮೈಎಸ್‌ಕ್ಯೂಎಲ್ ಬಹಳ ವರ್ಷಗಳ ಕಾಲ ಕತ್ತರಿಸಿ ಒಂದು ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. ಆ ಎಚ್ಚರಿಕೆಯನ್ನು ಸ್ಕ್ರಿಪ್ಟ್ ಕೇಳಿ ನೋಡದಿದ್ದರೆ ಅದೂ ಇಲ್ಲ. ಹೀಗೆ ಕತ್ತರಿಸುವ ಬದಲು ತಿರಸ್ಕರಿಸುವುದು ಅಲ್ಲಿ ಸಹಜ ಕ್ರಮವಾದದ್ದು 2015ರ 5.7ನೆಯ ಆವೃತ್ತಿಯಿಂದ.

1996ರ ಜೂನ್ 4ರಂದು ಯುರೋಪಿನ ಆರಿಯಾನ್ 5 ರಾಕೆಟ್ಟು ಮೇಲೇರಿದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ಸಿಡಿದದ್ದು ಇಂಥದೇ ಒಂದು ಪರಿವರ್ತನೆಯ ದೋಷದಿಂದ: 64 ಬಿಟ್ಟುಗಳ ತೇಲುಬಿಂದು ಸಂಖ್ಯೆ 16 ಬಿಟ್ಟುಗಳ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ. ಅಲ್ಲಿ ಡೇಟಾಬೇಸೂ ಇರಲಿಲ್ಲ, ಸ್ಕ್ರಿಪ್ಟೂ ಇರಲಿಲ್ಲ. ಆದರೂ ಒಂದು ಕಾರಣಕ್ಕೆ ಅದನ್ನು ನೆನೆಯಬೇಕು. ರಾಕೆಟ್ಟು ಸಿಡಿದುದರಿಂದ ತನಿಖೆ ನಡೆಯಿತು, ವರದಿ ಬಂದಿತು, ಜಗತ್ತು ಪಾಠ ಕಲಿಯಿತು. ಖಾತೆಯೊಂದರ ಸೊನ್ನೆ ಬಿದ್ದುಹೋದರೆ, ಹೆಸರಿನ ಒತ್ತಕ್ಷರ ತುಂಡಾದರೆ ಯಾವ ಸಮಿತಿಯೂ ಕೂಡುವುದಿಲ್ಲ. ಕಿಟಕಿಯ ಆಚೆಗಿನ ಗುಮಾಸ್ತ ‘ಕಂಪ್ಯೂಟರಿನಲ್ಲಿ ಹೀಗಿದೆ’ ಎನ್ನುತ್ತಾನೆ. ತನ್ನ ಹೆಸರು ತನ್ನದೇ ಎಂದು ಸಾಧಿಸುವ ಹೊಣೆ ಈಚೆಗೆ ನಿಂತವನ ಮೇಲೆ ಬೀಳುತ್ತದೆ. ಒಂದು ಲಿಪಿಯಲ್ಲಿ ಹುಟ್ಟಿ ಇನ್ನೊಂದು ಲಿಪಿಯ ಊರಿನಲ್ಲಿ ಕಾಗದಪತ್ರ ಮಾಡಿಸಿಕೊಳ್ಳುವ ನಮ್ಮಂಥವರಿಗೆ ಆ ಕಿಟಕಿ ಅಪರಿಚಿತವಲ್ಲ.

ಇಂದು ಈ ಗಡಿಯನ್ನು ಪರೀಕ್ಷಿಸುವವರು ಅನುಸರಿಸುವ ಮುಖ್ಯ ವಿಧಾನ ಹೋಗಿ ಬರುವ ಪಯಣದ್ದು. ಬೆಲೆಯೊಂದನ್ನು ಸ್ಕ್ರಿಪ್ಟ್‌ನಿಂದ ಡೇಟಾಬೇಸಿಗೆ ಕಳುಹಿಸಿ, ಮರಳಿ ತಂದು, ಕಳುಹಿಸಿದ್ದರೊಡನೆ ಹೋಲಿಸುವುದು. ಕಳುಹಿಸಬೇಕಾದದ್ದು ಅಂಚಿನ ಬೆಲೆಗಳನ್ನು: ಖಾಲಿ ಅಕ್ಷರಮಾಲೆ ಮತ್ತು ನಲ್ ಅಕ್ಕಪಕ್ಕದಲ್ಲಿ, ಮುಂದೆ ಸೊನ್ನೆಯಿರುವ ಸಂಖ್ಯೆ, ಎರಡರ 53ನೆಯ ಘಾತಕ್ಕಿಂತ ಒಂದು ಹೆಚ್ಚು, ಫೆಬ್ರವರಿ 29, 1970ಕ್ಕಿಂತ ಹಿಂದಿನ ಜನ್ಮದಿನ, ಉದ್ಧರಣ ಚಿಹ್ನೆಯುಳ್ಳ ಹೆಸರು, ಒತ್ತಕ್ಷರವುಳ್ಳ ಕನ್ನಡ ಪದ. ಮನುಷ್ಯನಿಗೆ ಹೊಳೆಯದ ಅಂಚುಗಳನ್ನು ಯಂತ್ರವೇ ಹುಡುಕಲಿ ಎಂಬ ವಿಚಾರವೂ ಬಂದಿದೆ. ಕೋನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಮಂಡಿಸಿದ ಕ್ವಿಕ್‌ಚೆಕ್ ಎಂಬ ಸಾಧನವು ನಿಯಮವೊಂದನ್ನು ಕೊಟ್ಟರೆ ಅದನ್ನು ಮುರಿಯುವ ಬೆಲೆಗಾಗಿ ತಾನೇ ಯಾದೃಚ್ಛಿಕವಾಗಿ ಹುಡುಕಾಡುತ್ತದೆ. ‘ಹೋದದ್ದೇ ಮರಳಬೇಕು’ ಎಂಬುದು ಅಂಥ ನಿಯಮಗಳಲ್ಲಿ ಅತ್ಯಂತ ಸಹಜವಾದದ್ದು.

ಇದರಲ್ಲಿ ಒಂದು ಬಲೆಯಿದೆ. ತೂಗುವ ತಕ್ಕಡಿಯೇ ಸಡಿಲವಾಗಿರಬಹುದು. ಪಿಎಚ್‌ಪಿಯಲ್ಲಿ ಎರಡು ಸಮಚಿಹ್ನೆಗಳಿಂದ ಹೋಲಿಸಿದರೆ ‘0123’ ಎಂಬ ಪಠ್ಯವೂ 123 ಎಂಬ ಸಂಖ್ಯೆಯೂ ಸಮ. ವಿಧವನ್ನೂ ನೋಡಬೇಕಾದರೆ ಮೂರು ಸಮಚಿಹ್ನೆಗಳು ಬೇಕು. ಪೈಥಾನ್‌ನಲ್ಲಿ 1, 1.0 ಮತ್ತು ‘ನಿಜ’ ಎಂಬ ತಾರ್ಕಿಕ ಬೆಲೆ ಮೂರೂ ಪರಸ್ಪರ ಸಮ. ಗಡಿಯಲ್ಲಿ ಕಳೆದುಹೋದದ್ದನ್ನು ಹುಡುಕಲು ಕಳುಹಿಸಿದ ಪರೀಕ್ಷೆಯೇ ದಾರಿಯಲ್ಲಿ ಮತ್ತೊಂದು ಪರಿವರ್ತನೆಯನ್ನು ಮಾಡಿಕೊಂಡು, ‘ಎಲ್ಲ ಸರಿಯಾಗಿದೆ’ ಎಂದು ವರದಿ ಒಪ್ಪಿಸುತ್ತದೆ. ಆದ್ದರಿಂದ ಬೆಲೆಯೊಡನೆ ವಿಧವನ್ನೂ ಹೋಲಿಸಬೇಕು. ಗೊತ್ತಿದ್ದೂ ತಪ್ಪು ಬೆಲೆಯೊಂದನ್ನು ಕೊಟ್ಟು, ಪರೀಕ್ಷೆ ಅದನ್ನು ಹಿಡಿಯುವುದೇ ಎಂದೂ ಒಮ್ಮೆ ನೋಡಿಕೊಳ್ಳಬೇಕು.

2021ರ ನವೆಂಬರ್ 25ರಂದು ಪಿಎಚ್‌ಪಿಯ 8.1ನೆಯ ಆವೃತ್ತಿ ಬಂದಿತು. ಮೈಎಸ್‌ಕ್ಯೂಎಲ್‌ನಿಂದ ಬರುವ ಪೂರ್ಣಾಂಕಗಳು, ಅದುವರೆಗೆ ಹಲವು ಸಂದರ್ಭಗಳಲ್ಲಿ ಪಠ್ಯವಾಗಿ ಮರಳುತ್ತಿದ್ದವು, ಅಂದಿನಿಂದ ಪೂರ್ಣಾಂಕಗಳಾಗಿಯೇ ಮರಳತೊಡಗಿದವು. ಎರಡೇ ದಿನಗಳ ಬಳಿಕ, ನವೆಂಬರ್ 27ರಂದು, ಎಸ್‌ಕ್ಯೂಲೈಟ್‌ನ 3.37ನೆಯ ಆವೃತ್ತಿ ಬಂದಿತು. ಅದರಲ್ಲಿ ‘ಸ್ಟ್ರಿಕ್ಟ್’ ಎಂಬ ಒಂದು ಪದವಿತ್ತು. ಕೋಷ್ಟಕವನ್ನು ಕಟ್ಟುವಾಗ ಕೊನೆಯಲ್ಲಿ ಅದನ್ನು ಬರೆದರೆ, ಪೂರ್ಣಾಂಕದ ಕಂಬಸಾಲಿಗೆ ಬಂದ ಊರಿನ ಹೆಸರನ್ನು ಎಸ್‌ಕ್ಯೂಲೈಟ್ ತಿರಸ್ಕರಿಸುತ್ತದೆ. ಹಿಪ್ ತಮ್ಮ ಹಳೆಯ ನಿಲುವನ್ನು ಕೈಬಿಡಲಿಲ್ಲ. ಸಡಿಲತೆಯೇ ಇಂದಿಗೂ ಅಲ್ಲಿನ ಸಹಜ ಕ್ರಮ. ಬಿಗಿ ಬೇಕೆಂದವರಿಗೆ ಇಪ್ಪತ್ತೊಂದು ವರ್ಷಗಳ ನಂತರ ಒಂದು ಬಾಗಿಲನ್ನು ತೆರೆದರು.

ಬಿಗಿಯಾದರೂ ಎಲ್ಲವೂ ಉಳಿಯುವುದಿಲ್ಲ. ಕನ್ನಡದಲ್ಲಿ ಎರಡನೆಯ ‘ನಾವು’ ಇಲ್ಲದಿರುವವರೆಗೆ ಮರಾಠಿಯ ಅನುವಾದಕ ಆ ಭೇದವನ್ನು ಒಂದೇ ಪದದಲ್ಲಿ ತರಲಾರ. ನುರಿತವನು ‘ನೀವೂ ಸೇರಿ ನಾವೆಲ್ಲ’ ಎಂದು ಬಿಡಿಸಿ ಬರೆಯುತ್ತಾನೆ. ಟ್ವಿಟರ್ ಒಂದೇ ಗುರುತನ್ನು ಎರಡು ರೂಪಗಳಲ್ಲಿ ಕಳುಹಿಸಿದ್ದೂ ಅದೇ ಬಗೆಯ ಕೆಲಸ. ಹಾಗೆ ಬಿಡಿಸಿ ಬರೆಯಬೇಕಾದ ಜಾಗ ಯಾವುದೆಂದು ತಿಳಿಯಲು ಅವನು ಮೊದಲು ಎರಡೂ ಭಾಷೆಗಳನ್ನು ಬಲ್ಲವನಾಗಿರಬೇಕು, ಮತ್ತು ತನ್ನ ಅನುವಾದವನ್ನು ಒಮ್ಮೆ ಮರಳಿ ಮೂಲಕ್ಕೆ ಒಯ್ದು ನೋಡುವ ತಾಳ್ಮೆ ಅವನಲ್ಲಿರಬೇಕು.